ಮಧುಮೇಹಿಗಳ ಪಾದರಕ್ಷಣೆ

ಕೋಲಾರದ ಚಿನ್ನದ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಲ್ಪಟ್ಟವು. ಆ ಬಳಿಕ ಅಲ್ಲಿಯ ಸಾವಿರಾರು ಜನ ಮಾರಿಕುಪ್ಪಂನಿಂದ ಬಂಗಾರಪೇಟೆಯ ಮೂಲಕ ಪ್ರತಿದಿನವೂ ರೈಲಿನಲ್ಲಿ ಬೆಂಗಳೂರಿಗೆ ದುಡಿಮೆಗಾಗಿ ಹೋಗಿಬರುತ್ತಿದ್ದಾರೆ. ನಸುಕಿನಲ್ಲಿ ಮೆಟ್ಟಿದ ಪಾದರಕ್ಷೆಯನ್ನು ರಾತ್ರಿಯೇ ಕಳಚುವ ಇಂಥ ಬಾಳಿನಲ್ಲಿ ಮಧುಮೇಹವೂ ಸೇರಿದರೆ, ಅಂಗಾಲಿನ ಸಣ್ಣದೊಂದು ಬೊಬ್ಬೆಯೂ ಕಾಲನ್ನು ಕಳೆದುಕೊಳ್ಳಲು ಕಾರಣವಾಗಬಹುದು. ಇದು ಹೇಗೆಂಬುದನ್ನು ಇಲ್ಲಿ ವಿವೇಚಿಸಲಾಗಿದೆ.

ರಕ್ತದಲ್ಲಿ ಸಕ್ಕರೆಯ ಅಂಶ ಬಹುಕಾಲ ಮಿತಿಮೀರಿದ್ದರೆ ಮೂರು ಬಗೆಯ ಹಾನಿಯುಂಟಾಗುತ್ತದೆ. ಮೊದಲನೆಯದಾಗಿ, ಪಾದದ ನರಗಳು ಕ್ಷೀಣಿಸಿ ಸ್ಪರ್ಶವೂ ನೋವೂ ಅರಿವಿಗೆ ಬಾರವು. ಬೆವರು ಕಡಮೆಯಾಗಿ ಚರ್ಮ ಬಿರಿಯುತ್ತದೆ. ಎರಡನೆಯದಾಗಿ, ರಕ್ತನಾಳಗಳು ಕಿರಿದಾಗಿ ಗಾಯ ಬೇಗ ಮಾಯದು. ಮೂರನೆಯದಾಗಿ, ರೋಗನಿರೋಧಶಕ್ತಿ ಕುಂದಿ, ರೋಗಾಣುಗಳು ಮೂಳೆಯವರೆಗೂ ಹಬ್ಬಬಲ್ಲವು. ಇವುಗಳಲ್ಲಿ ಹೆಚ್ಚು ವಂಚಿಸುವುದು ಮೊದಲನೆಯದೇ. ನೋವಿಲ್ಲವೆಂದು ರೋಗಿ ನಡೆಯುತ್ತಲೇ ಇರುತ್ತಾನೆ; ನಡೆದಷ್ಟೂ ಹುಣ್ಣು ಆಳವಾಗುತ್ತದೆ.

ನೋವಿನ ಅಭಾವವೇ ಅಂಗನಾಶಕ್ಕೆ ದಾರಿಯೆಂಬುದನ್ನು, 1946ರಲ್ಲಿ ನೆರೆಯ ವೆಲ್ಲೂರಿಗೆ ಬಂದ ಶಸ್ತ್ರವೈದ್ಯ ಪಾಲ್ ಬ್ರಾಂಡರು ಕುಷ್ಠರೋಗಿಗಳಲ್ಲಿ ಕಂಡುಕೊಂಡರು. ಮುಂದೆ ಅಮೆರಿಕದ ಕಾರ್ವಿಲ್ಲಿನಲ್ಲಿದ್ದಾಗ ಆ ತತ್ತ್ವವನ್ನು ಮಧುಮೇಹಿಗಳ ಪಾದಗಳಿಗೂ ಅನ್ವಯಿಸಿದರು. ಕುಷ್ಠರೋಗಿಗಳಿಗಾಗಿ ಬಳಕೆಗೆ ಬಂದ ಮೆತ್ತನೆಯ ಎಂ.ಸಿ.ಆರ್. ರಬ್ಬರಿನ ಪಾದರಕ್ಷೆಯನ್ನು ಇಂದು ಮಧುಮೇಹಿಗಳಿಗೂ ವೈದ್ಯರು ಸೂಚಿಸುವುದುಂಟು.

ಸಂವೇದನೆ ಉಳಿದಿದೆಯೇ ಎಂಬುದನ್ನು 10 ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆಯನ್ನು ಅಂಗಾಲಿಗೆ ಒತ್ತಿ ಪರೀಕ್ಷಿಸುತ್ತಾರೆ. ವರ್ಷಕ್ಕೊಮ್ಮೆಯಾದರೂ ಈ ಪರೀಕ್ಷೆ ಅವಶ್ಯಕ. ಉಳಿದ ದಿನಗಳಲ್ಲಿ ನೋವು ಮಾಡಬೇಕಾದ ಕೆಲಸವನ್ನು ಕಣ್ಣು ಮಾಡಬೇಕು. ರಾತ್ರಿ ಅಂಗಾಲನ್ನೂ ಬೆರಳುಗಳ ಸಂದುಗಳನ್ನೂ ಕನ್ನಡಿಯ ಅಥವಾ ಮನೆಯವರ ನೆರವಿನಿಂದ ನೋಡಿಕೊಳ್ಳಬೇಕು. ಪಾದಗಳನ್ನು ತೊಳೆದು, ಸಂದುಗಳನ್ನು ಒರಸಿ, ಒಣಗಿದ ಹಿಮ್ಮಡಿಗೆ ಎಣ್ಣೆ ಸವರಬೇಕು. ಸಂದುಗಳಿಗೆ ಎಣ್ಣೆ ಸಲ್ಲದು. ಉಗುರನ್ನು ನೇರವಾಗಿ ಕತ್ತರಿಸಬೇಕು. ಆಣಿಯನ್ನು ಬ್ಲೇಡಿನಿಂದ ಕೊಯ್ಯುವುದು, ಜೋಮಿಗೆಂದು ಬಿಸಿನೀರಿನ ಶಾಖ ಕೊಡುವುದು ಅಪಾಯಕರ. ಪಾದರಕ್ಷೆಯನ್ನು ಕೊಡವಿ, ಒಳಗೆ ಕೈಯಾಡಿಸಿ ಮೆಟ್ಟಬೇಕು. ಕಮ್ಮಸಂದ್ರದ ಕೋಟಿಲಿಂಗೇಶ್ವರದಂಥ ಕ್ಷೇತ್ರಗಳಲ್ಲಿ ಬರಿಗಾಲಿನಲ್ಲಿ ನಡೆಯುವವರು, ಕಲ್ಲು ಕಾಯುವ ಮೊದಲೇ ದರ್ಶನ ಮುಗಿಸುವುದು ಕ್ಷೇಮ.

ಪಾದ ಕೆಂಪಾಗುವುದು, ಊದಿ ಬಿಸಿಯಾಗುವುದು, ದುರ್ಗಂಧ, ಕಪ್ಪುಬಣ್ಣ, ಇವುಗಳಲ್ಲಿ ಒಂದು ಕಂಡರೂ ಅಂದೇ ವೈದ್ಯರಲ್ಲಿಗೆ ಹೋಗಬೇಕು. ಆ ಕಾಲಿನ ಮೇಲೆ ಭಾರ ಹಾಕಬಾರದು. ಒಂದು ದಿನದ ಕೂಲಿ ತಪ್ಪೀತೆಂದು ತಡಮಾಡಿದರೆ ದುಡಿಯುವ ಕಾಲೇ ಹೋದೀತು. ವಿದ್ಯಾವಂತರು ತಮ್ಮ ಮನೆಯ ಹಿರಿಯರ ಪಾದಗಳನ್ನು ದಿನವೂ ನೋಡುವ ರೂಢಿಯನ್ನು ಬೆಳೆಸಿಕೊಂಡರೆ ಇಂಥ ಅಂಗಚ್ಛೇದಗಳಲ್ಲಿ ಹೆಚ್ಚಿನವನ್ನು ತಡೆಯಬಹುದು.