ನೋವು ಗೊತ್ತಾಗದ ಕಾಲುಗಳು ಕಲಿಸಿದ ಚಪ್ಪಲಿ

ಕುಮಟಾದಿಂದ ಶಿರಸಿಗೆ ಹೋಗುವ ರಸ್ತೆ ದೇವಿಮನೆ ಘಟ್ಟ ಹತ್ತುವ ಮೊದಲು ಕತಗಾಲವನ್ನು ಹಾದುಹೋಗುತ್ತದೆ. ಜೋರು ಮಳೆಗೆ ಚಂಡಿಕಾ ಹೊಳೆ ಉಕ್ಕಿದರೆ ಇಲ್ಲಿ ರಸ್ತೆಯ ಮೇಲೇ ನೀರು. ತೊಗಲಿನ ಚಪ್ಪಲಿ ಬಾಳುವ ಸೀಮೆಯಲ್ಲ ಇದು. ಆಷಾಢದಲ್ಲಿ ಮೂಲೆಗಿಟ್ಟ ಜೋಡಿಗೆ ಶ್ರಾವಣದ ಹೊತ್ತಿಗೆ ಬೂಷ್ಟು ಹಿಡಿದಿರುತ್ತದೆ. ಹಾಗಾಗಿ ಮನೆಗಳ ಮೆಟ್ಟಿಲ ಬಳಿ ಹೆಚ್ಚಾಗಿ ಕಾಣುವುದು ಹವಾಯಿ ಚಪ್ಪಲಿಯೇ. ಆ ಸಾಲಿನ ಹಳೆಯ ಜೋಡಿಗಳು ಎಲ್ಲಿ ಸವೆದಿವೆ ಎಂದು ಗಮನಿಸಿದರೆ ಎರಡು ಜಾಗ ಎದ್ದು ಕಾಣುತ್ತವೆ: ಒಂದು ಹಿಮ್ಮಡಿ, ಇನ್ನೊಂದು ಬೆರಳಬುಡ. ‘ಕಾಲಡಿಗೆ ಕಲ್ಲು ಸಿಕ್ಕಂಗೆ ಆಗ್ತದೆ’ ಎಂದು ಜನ ಹೇಳುವ ನೋವು ಹುಟ್ಟುವುದು ಈ ಎರಡನೆಯ ಜಾಗದಲ್ಲಿ.

ಅಂಗಾಲಿನ ಮುಂಭಾಗದಲ್ಲಿ ಮೆಟಟಾರ್ಸಲ್ ಎನ್ನುವ ಐದು ಉದ್ದನೆಯ ಮೂಳೆಗಳಿವೆ. ಅವುಗಳ ತುದಿಗಳು ಬೆರಳುಗಳ ಬುಡದಲ್ಲಿ ನೆಲಕ್ಕೆ ತಾಗುತ್ತವೆ. ಹೆಜ್ಜೆಯ ಕೊನೆಯಲ್ಲಿ ಹಿಮ್ಮಡಿ ಮೇಲೆದ್ದಾಗ ಇಡೀ ಮೈಯ ಭಾರ ಬೀಳುವುದು ಈ ಐದು ತುದಿಗಳ ಮೇಲೆ. ಅವುಗಳ ಕೆಳಗೆ ಹುಟ್ಟಿನಿಂದಲೇ ಕೊಬ್ಬಿನ ಒಂದು ಮೆತ್ತೆ ಇರುತ್ತದೆ. ವಯಸ್ಸಾದಂತೆ ಅದು ತೆಳುವಾಗುತ್ತದೆ, ಮುಂದಕ್ಕೂ ಸರಿಯುತ್ತದೆ. ಆಗ ಮೂಳೆ, ಚರ್ಮ, ನೆಲ, ಇಷ್ಟೇ ಉಳಿಯುತ್ತದೆ. ಚರ್ಮ ದಪ್ಪವಾಗಿ ಆಣಿ ಕಟ್ಟುತ್ತದೆ, ಆಣಿಯೇ ಇನ್ನಷ್ಟು ಒತ್ತುತ್ತದೆ. ಮೂರು ಮತ್ತು ನಾಲ್ಕನೆಯ ಬೆರಳುಗಳ ನಡುವೆ ನರ ದಪ್ಪವಾಗಿ ಉರಿಯುವುದೂ ಉಂಟು. ಅದನ್ನು 1876ರಲ್ಲಿ ವಿವರವಾಗಿ ಬರೆದವರು ಫಿಲಡೆಲ್ಫಿಯಾದ ಶಸ್ತ್ರವೈದ್ಯ ಥಾಮಸ್ ಮಾರ್ಟನ್. ಅವರ ಹೆಸರೇ ಆ ಕಾಯಿಲೆಗೆ ನಿಂತಿದೆ.

ನೋವಿನ ಹೆಸರು ಗೊತ್ತಾದ ಮಾತ್ರಕ್ಕೆ ಅಟ್ಟೆ ಬದಲಾಗಲಿಲ್ಲ. ಭಾರ ಎಲ್ಲಿ ಬೀಳುತ್ತದೆ, ಅದನ್ನು ಹೇಗೆ ಹರಡಬೇಕು ಎಂಬ ವಿದ್ಯೆಯ ದೊಡ್ಡ ಪಾಲು ಬಂದದ್ದು ನಮ್ಮ ನೆರೆಯ ವೆಲ್ಲೂರಿನಿಂದ, ಕುಷ್ಠರೋಗಿಗಳ ಕಾಲಿನಿಂದ. ನೋವೇ ಗೊತ್ತಾಗದ ಕಾಲುಗಳು ನೋಯುವ ಕಾಲುಗಳಿಗೆ ಔಷಧ ಹುಡುಕಿಕೊಟ್ಟ ಈ ಕಥೆ ನಮ್ಮಲ್ಲಿ ಹೆಚ್ಚು ಜನರಿಗೆ ಗೊತ್ತಿಲ್ಲ. ಗೊತ್ತಿರಬೇಕಿತ್ತು ಎಂದು ನನಗೆ ಬಲವಾಗಿ ಅನಿಸುತ್ತದೆ.

ಪಾಲ್ ಬ್ರ್ಯಾಂಡ್ ಹುಟ್ಟಿದ್ದು 1914ರಲ್ಲಿ, ತಮಿಳುನಾಡಿನ ಕೊಲ್ಲಿಮಲೆಯಲ್ಲಿ. ತಂದೆತಾಯಿ ಮಿಷನರಿಗಳು. ಬಾಲ್ಯ ಆ ಗುಡ್ಡಗಳಲ್ಲಿ ಬರಿಗಾಲಿನಲ್ಲೇ ಕಳೆಯಿತು. ಇಂಗ್ಲೆಂಡಿನಲ್ಲಿ ಶಸ್ತ್ರಚಿಕಿತ್ಸೆ ಕಲಿತು 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದರು. ಕುಷ್ಠರೋಗ ಬಂದವರ ಬೆರಳು ತಾನೇ ಕೊಳೆತು ಉದುರುತ್ತದೆ, ಅಂಗಾಲಿನ ಹುಣ್ಣು ರೋಗದ್ದೇ ಭಾಗ ಎಂದು ಆಗ ವೈದ್ಯರೂ ನಂಬಿದ್ದರು. ಬ್ರ್ಯಾಂಡ್ ಮತ್ತು ಸಂಗಡಿಗರು ರೋಗಿಗಳ ಜೊತೆಗೇ ಇದ್ದು, ಒಂದೊಂದು ಹುಣ್ಣು ಹೇಗೆ ಶುರುವಾಯಿತು ಎಂದು ಬೆನ್ನುಹತ್ತಿದರು. ಮಾಂಸದಲ್ಲಿ ದೋಷವಿರಲಿಲ್ಲ. ನರ ಸತ್ತು ನೋವು ತಿಳಿಯದ ಕಾರಣ ರೋಗಿ ಅದೇ ಜಾಗಕ್ಕೆ ಅದೇ ಒತ್ತಡವನ್ನು ದಿನಕ್ಕೆ ಸಾವಿರಾರು ಸಲ ಕೊಡುತ್ತಿದ್ದ. ನೋವು ಗೊತ್ತಾಗುವವನು ತನಗರಿವಿಲ್ಲದೆಯೇ ನಡಿಗೆ ಬದಲಿಸುತ್ತಾನೆ, ಕುಂಟುತ್ತಾನೆ, ಕೂತುಕೊಳ್ಳುತ್ತಾನೆ. ಇವನು ಹಾಗೇ ನಡೆಯುತ್ತಿದ್ದ. ಹುಣ್ಣು ಹೆಚ್ಚಾಗಿ ಏಳುತ್ತಿದ್ದುದು ಬೆರಳಬುಡದಲ್ಲೇ.

ಹಾಗಾದರೆ ಒತ್ತಡ ಕಡಿಮೆ ಮಾಡುವ ಪಾದರಕ್ಷೆ ಬೇಕು. 1950ರ ದಶಕದಿಂದ ಮುಂದಕ್ಕೆ ವೆಲ್ಲೂರಿನಲ್ಲೂ, 1955ರಲ್ಲಿ ಶುರುವಾದ ಸಮೀಪದ ಕರಿಗಿರಿ ಕೇಂದ್ರದಲ್ಲೂ ಇದಕ್ಕಾಗಿ ಹುಡುಕಾಟ ನಡೆಯಿತು. ಮರದ ಪಾದುಕೆಯನ್ನೂ ಬಿಡಲಿಲ್ಲ. ಬಾಗದ ಮರದ ಅಡಿಯನ್ನು ತೊಟ್ಟಿಲ ಕಾಲಿನಂತೆ ಕೆತ್ತಿದರೆ ಬೆರಳಬುಡ ಮಡಚದೆಯೇ ಹೆಜ್ಜೆ ಉರುಳುತ್ತದೆ. ಇಂದಿನ ‘ರಾಕರ್ ಸೋಲ್’ ಕೆಲಸ ಮಾಡುವುದೂ ಹೀಗೆಯೇ. ಕೊನೆಗೆ ಕೈಹಿಡಿದದ್ದು ಮೈಕ್ರೋಸೆಲ್ಯುಲರ್ ರಬ್ಬರ್, ಅಂದರೆ ಎಂಸಿಆರ್. ಒಳಗೆಲ್ಲ ಕಣ್ಣಿಗೆ ಕಾಣದಷ್ಟು ಸಣ್ಣ ಗಾಳಿಗುಳ್ಳೆಗಳು, ಒಂದಕ್ಕೊಂದು ಸೇರದ ಗುಳ್ಳೆಗಳು. ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಒತ್ತಿದರೆ ದಪ್ಪದ ಅರ್ಧಕ್ಕೆ ಕುಗ್ಗಬೇಕು, ಬಿಟ್ಟಕೂಡಲೇ ಮೇಲೇಳಬೇಕು. ಗಡಸುತನದ ಶೋರ್ ಮಾಪನದಲ್ಲಿ ಅದು ಸುಮಾರು 15.

ಮೆತ್ತಗಿನದು ಮಾತ್ರ ಸಾಲದು, ಮುಳ್ಳು ಒಳಗೆ ನುಗ್ಗಬಾರದು. ಅದಕ್ಕೆ ಕೆಳಗೆ ಗಟ್ಟಿ ಅಟ್ಟೆ ಸೇರಿತು. ಹಳೆಯ ಟೈರಿನ ರಬ್ಬರೂ ಅದಕ್ಕೆ ಒದಗಿತು. ಮೊಳೆ ಹೊಡೆಯುವಂತಿಲ್ಲ, ಅಂಟು ಮತ್ತು ಹೊಲಿಗೆಯೇ ಗತಿ. ಬೆರಳಿಗೆ ಉಂಗುಷ್ಟ ಬೇಡ, ಮೇಲೆ ಅಗಲ ಪಟ್ಟಿ, ಹಿಂದೆ ಹಿಮ್ಮಡಿಗೆ ಇನ್ನೊಂದು ಪಟ್ಟಿ. ಆಸ್ಪತ್ರೆಗಳಲ್ಲಿ ‘ಎಂಸಿಆರ್ ಚಪ್ಪಲಿ’ ಎನ್ನುವುದು ಇದನ್ನೇ. ರಾಷ್ಟ್ರೀಯ ಕುಷ್ಠರೋಗ ನಿರ್ಮೂಲನಾ ಕಾರ್ಯಕ್ರಮದಲ್ಲಿ ಕಾಲಿನ ಸ್ಪರ್ಶ ಕಳೆದುಕೊಂಡವರಿಗೆ ವರ್ಷಕ್ಕೆ ಎರಡು ಜೊತೆ ಉಚಿತವಾಗಿ ಕೊಡುವ ಕ್ರಮವಿದೆ. ಎರಡು ಜೊತೆ ಏಕೆಂದರೆ ಈ ರಬ್ಬರ್ ತಿಂಗಳುಗಟ್ಟಲೆ ತುಳಿದ ಮೇಲೆ ಮೇಲೇಳುವುದನ್ನು ಮರೆಯುತ್ತದೆ.

ಇಲ್ಲಿ ಒಂದು ನೋವಿನ ಮಾತಿದೆ. ಚಪ್ಪಲಿಯೇ ರೋಗದ ಗುರುತಾಯಿತು. ಎಂಸಿಆರ್ ಹಾಕಿದವರನ್ನು ಊರು ದೂರದಿಂದಲೇ ಗುರುತಿಸಿತು. ಆ ಅವಮಾನಕ್ಕೆ ಹೆದರಿ ಚಪ್ಪಲಿ ಬಿಟ್ಟು, ಮತ್ತೆ ಹುಣ್ಣು ಮಾಡಿಕೊಂಡವರು ಎಷ್ಟೋ ಮಂದಿ. ಕಾಲು ಉಳಿಸುವ ವಸ್ತುವನ್ನು ಹಾಕಿಕೊಳ್ಳಲಾಗದಂತೆ ಮಾಡಿದ್ದು ರೋಗವಲ್ಲ, ನೋಡುವವರ ಕಣ್ಣು. ಇತ್ತ ಬ್ರ್ಯಾಂಡ್ 1966ರಲ್ಲಿ ಅಮೆರಿಕದ ಕಾರ್ವಿಲ್ ಕುಷ್ಠರೋಗ ಆಸ್ಪತ್ರೆಗೆ ಹೋದರು. ಒತ್ತಡ ಮತ್ತು ಹುಣ್ಣಿನ ಸಂಬಂಧವನ್ನು ಅಲ್ಲಿ ಇನ್ನಷ್ಟು ಅಳೆದರು. ಸಕ್ಕರೆ ಕಾಯಿಲೆಯಿಂದ ನರ ಸತ್ತ ಕಾಲುಗಳಿಗೂ ಇದೇ ಮದ್ದು ಎಂಬುದು ಸ್ಪಷ್ಟವಾಯಿತು. ಹೀಗೆ ವೆಲ್ಲೂರಿನ ಪಾಠ ಲೋಕದ ಮಧುಮೇಹಿಗಳ ಕಾಲಿಗೆ ಬಂತು.

ಅದರ ಮುಂದಿನ ಅಧ್ಯಾಯ ನಮ್ಮ ಬೆಂಗಳೂರಿನಲ್ಲಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಮೆಕ್ಯಾನಿಕಲ್ ಎಂಜಿನಿಯರಿಂಗ್ ವಿಭಾಗದ ಪ್ರೊ. ಜಿ.ಕೆ. ಅನಂತಸುರೇಶ್ ಅವರ ತಂಡವೂ ಕರ್ನಾಟಕ ಇನ್‌ಸ್ಟಿಟ್ಯೂಟ್ ಆಫ್ ಎಂಡೋಕ್ರೈನಾಲಜಿ ಆ್ಯಂಡ್ ರಿಸರ್ಚ್‌ನ ಪಾದ ಚಿಕಿತ್ಸಾ ವಿಭಾಗದ ಪವನ್ ಬೆಳೆಹಳ್ಳಿ ಅವರೂ ಸೇರಿ ಮಧುಮೇಹಿಗಳಿಗಾಗಿ 3ಡಿ ಮುದ್ರಣದ ಚಪ್ಪಲಿ ರೂಪಿಸಿದರು. 2022ರಲ್ಲಿ ಅದರ ಸುದ್ದಿ ಬಂತು. ಅದರ ಅಟ್ಟೆಯೊಳಗೆ ಸಣ್ಣ ಕಮಾನುಗಳಿವೆ. ಯಾವುದೋ ಒಂದು ಜಾಗದಲ್ಲಿ ಭಾರ ಮಿತಿ ಮೀರಿದರೆ ಅಲ್ಲಿನ ಕಮಾನು ತಟ್ಟನೆ ಒಳಕ್ಕೆ ಬಾಗಿ, ಭಾರವನ್ನು ಪಕ್ಕದವುಗಳಿಗೆ ದಾಟಿಸುತ್ತದೆ. ಕಾಲೆತ್ತಿದಾಗ ಮೊದಲಿನ ಆಕಾರಕ್ಕೆ ಮರಳುತ್ತದೆ. ಬ್ಯಾಟರಿ ಇಲ್ಲ, ವಿದ್ಯುತ್ ಇಲ್ಲ. ನೋವು ತಿಳಿದವನು ಅರಿವಿಲ್ಲದೆ ಭಾರ ಬದಲಿಸುತ್ತಾನಲ್ಲ, ಆ ಕೆಲಸವನ್ನು ಇಲ್ಲಿ ಅಟ್ಟೆ ವಹಿಸಿಕೊಂಡಿದೆ.

ಕತಗಾಲದವರಿಗೆ ಇದೆಲ್ಲ ದೂರದ ಮಾತಲ್ಲ. ಅಡಿಕೆ ತೋಟದಲ್ಲಿ ಕೊನೆ ಕೊಯ್ಯುವ ಕೊನೆಗೌಡ ಮರ ಹತ್ತುವಾಗ ಕಾಲಿಗೆ ತಳೆ ಹಾಕಿಕೊಂಡು ಮುಂಗಾಲಿನ ಬಲದ ಮೇಲೇ ಏಳಬೇಕು. ನಾಟಿ ಗದ್ದೆಯ ಕೆಸರು ಕಾಲಿಗೆ ಮೆತ್ತಗಿತ್ತು, ಸೆಗಣಿ ಸಾರಿಸಿದ ಮಣ್ಣಿನ ನೆಲವೂ ಅಷ್ಟು ಕಠಿಣವಲ್ಲ. ಈಗ ಮನೆಯೊಳಗೆಲ್ಲ ಟೈಲ್ಸ್ ಬಂದಿದೆ. ಅಡುಗೆಕಟ್ಟೆಯ ಮುಂದೆ ಬರಿಗಾಲಿನಲ್ಲಿ ಗಂಟೆಗಟ್ಟಲೆ ನಿಲ್ಲುವ ಹೆಂಗಸರ ಬೆರಳಬುಡಕ್ಕೆ ಆ ನೆಲ ದಿನವೂ ಪೆಟ್ಟು ಕೊಡುತ್ತದೆ. ಚಪ್ಪಲಿ ಹೊಸ್ತಿಲ ಹೊರಗೇ ಇರಬೇಕೆಂಬ ಸಂಪ್ರದಾಯವನ್ನು ಗೌರವಿಸುತ್ತಲೇ, ಹೊರಗೆ ಎಂದೂ ಮೆಟ್ಟದ ಮೆತ್ತನೆಯ ಜೋಡಿಯೊಂದನ್ನು ಮನೆಯೊಳಗೆ ಇಟ್ಟುಕೊಳ್ಳಲು ಅಡ್ಡಿಯೇನಿಲ್ಲ. ಸೊಸೆ ಹಾಕಿದರೆ ಆಡಿಕೊಳ್ಳುವ ಹಿರಿಯರು ಮೊದಲು ತಾವೇ ಹಾಕಿ ನೋಡಲಿ.

ಹವಾಯಿಯ ಮೇಲೆ ನನಗೆ ಸಿಟ್ಟಿಲ್ಲ. ಜಪಾನಿನ ಭತ್ತದ ಹುಲ್ಲಿನ ಜೋರಿ ಚಪ್ಪಲಿ ರಬ್ಬರಿನ ರೂಪ ತಾಳಿ, 1962ರಲ್ಲಿ ಬ್ರೆಜಿಲ್‌ನಲ್ಲಿ ಹವಾಯಾನಸ್ ಆಯಿತು. ನಮ್ಮ ಹವಾಯಿ ಚಪ್ಪಲಿಯೂ ಅದೇ ಬಳಗದ್ದು. ಮಳೆಗೆ ಅದರಂಥದ್ದಿಲ್ಲ. ಆದರೆ ಅದು ಕಾಲಿನಿಂದ ಜಾರದಿರಲು ಬೆರಳುಗಳು ಹೆಜ್ಜೆ ಹೆಜ್ಜೆಗೂ ಮಡಚಿ ಹಿಡಿಯಬೇಕು. ಹಾಗೆ ಮಡಚಿದಾಗ ಬೆರಳಬುಡದ ಮೂಳೆತುದಿಗಳು ಇನ್ನಷ್ಟು ಕೆಳಕ್ಕೆ ಒತ್ತುತ್ತವೆ. ಆಗಲೇ ನೋವಿರುವವರಿಗೆ ಅದು ದಿನವಿಡೀ ಹಾಕುವ ಚಪ್ಪಲಿಯಲ್ಲ; ಸ್ಪರ್ಶ ಕಳೆದುಕೊಂಡ ಮಧುಮೇಹಿಗೆ ಉಂಗುಷ್ಟದ ಉಜ್ಜಾಟವೇ ಹುಣ್ಣಿಗೆ ದಾರಿ.

ಚಪ್ಪಲಿ ಕೊಳ್ಳಲು ಕುಮಟಾದ ಅಂಗಡಿಗೆ ಹೋಗುವವರು ಸಂಜೆ ಹೋಗಿ, ಕಾಲು ಸ್ವಲ್ಪ ಊದಿರುವ ಹೊತ್ತದು. ಬಿಳಿ ಕಾಗದದ ಮೇಲೆ ನಿಂತು ಪಾದದ ಸುತ್ತ ಗೆರೆ ಎಳೆಸಿಕೊಂಡು ಒಯ್ದರೆ ಇನ್ನೂ ಒಳ್ಳೆಯದು. ಆ ಗೆರೆಗಿಂತ ಅಟ್ಟೆ ಕಿರಿದಾಗಿದ್ದರೆ ಬೇಡ. ಚಪ್ಪಲಿಯ ಎರಡೂ ತುದಿ ಹಿಡಿದು ಬಾಗಿಸಿದರೆ ಬೆರಳಬುಡದ ಹತ್ತಿರ ಮಾತ್ರ ಬಾಗಬೇಕು, ನಟ್ಟನಡುವೆ ಮಡಚಿಕೊಳ್ಳಬಾರದು. ಹಿಮ್ಮಡಿ ಎತ್ತರವಿದ್ದಷ್ಟೂ ಭಾರ ಮುಂದಕ್ಕೆ ಬೀಳುತ್ತದೆ. ಕೈಗೆ ಬಹಳ ಮೆತ್ತಗೆ ಅನಿಸುವ ಸ್ಪಂಜು ನಿಂತಾಗ ಪೂರ್ತಿ ಕುಸಿದು ನೆಲಕ್ಕೆ ತಾಗುತ್ತದೆ, ಅದನ್ನು ನಂಬಬೇಡಿ. ಬಾರು ಬಿಗಿ–ಸಡಿಲ ಮಾಡುವಂತಿರಲಿ. ಔಷಧಿ ಅಂಗಡಿಯಲ್ಲಿ ಸಿಗುವ ಮೆಟಟಾರ್ಸಲ್ ಪ್ಯಾಡನ್ನು ಬಹಳ ಮಂದಿ ನೋಯುವ ಜಾಗದ ಕೆಳಗೇ ಅಂಟಿಸುತ್ತಾರೆ, ನೋವು ಹೆಚ್ಚುತ್ತದೆ. ಅದನ್ನು ಕೂರಿಸಬೇಕಾದ್ದು ಆ ಜಾಗಕ್ಕಿಂತ ತುಸು ಹಿಂದೆ, ಹಿಮ್ಮಡಿಯ ಕಡೆಗೆ. ಅಲ್ಲಿ ಎತ್ತಿ ಹಿಡಿದಾಗಲೇ ಮೂಳೆತುದಿಗಳ ಮೇಲಿನ ಭಾರ ಇಳಿಯುವುದು.

ಸಕ್ಕರೆ ಕಾಯಿಲೆ ಇದ್ದವರಿಗೆ ಈ ಸಲಹೆಯಷ್ಟೇ ಸಾಲದು. ದೊಡ್ಡ ಚಿಕಿತ್ಸೆಗೆ ಮಣಿಪಾಲ, ಹುಬ್ಬಳ್ಳಿ, ಮಂಗಳೂರಿನ ದಾರಿ ಹಿಡಿಯುವ ಜಿಲ್ಲೆ ನಮ್ಮದು. ಹುಣ್ಣು ಕೀವಾದ ಮೇಲೆ ಹೊರಟರೆ ಕಾಲು ಉಳಿಯುವ ಭರವಸೆ ಕಡಿಮೆ. ರಾತ್ರಿ ಮಲಗುವ ಮುಂಚೆ ಅಂಗಾಲನ್ನು ಬೆಳಕಿನಲ್ಲಿ ನೋಡಿಕೊಳ್ಳಿ, ಬಾಗಲಾರದವರು ಮನೆಯವರಿಂದ ನೋಡಿಸಿಕೊಳ್ಳಿ. ಆಣಿಯನ್ನು ಬ್ಲೇಡಿನಿಂದ ನೀವೇ ಕೆತ್ತಬೇಡಿ. ವೈದ್ಯರು ಎಂಸಿಆರ್ ಚಪ್ಪಲಿ ಹಾಕಿ ಎಂದರೆ ಹಿಂಜರಿಯದೆ ಹಾಕಿಕೊಳ್ಳಿ, ಹಾಕಿದವರನ್ನು ಕಂಡರೆ ಮುಖ ತಿರುಗಿಸಬೇಡಿ. ‘ಹಾಕ್ತಾ ಹಾಕ್ತಾ ಸಡ್ಲ ಆಗ್ತದೆ’ ಎಂದು ಅಂಗಡಿಯವರು ಕೊಡುವ ಬಿಗಿ ಜೋಡಿಯನ್ನು ಮಾತ್ರ ಯಾರೂ ಕೊಳ್ಳಬೇಡಿ.