ಚಾಲಕನಿಲ್ಲದ ಕಾರಿಗೆ ಸುಳ್ಳು ಸಂಕೇತದ ಅಪಾಯ

ಅಂಕೋಲಾ ತಾಲ್ಲೂಕಿನ ಮಂಜಗುಣಿಯು ಗಂಗಾವಳಿ ನದಿ ಅರಬ್ಬೀ ಸಮುದ್ರವನ್ನು ಸೇರುವೆಡೆ ಇರುವ ಊರು. ಈ ಕರಾವಳಿಯ ಯಾಂತ್ರಿಕ ದೋಣಿಗಳಲ್ಲಿ ಈಗ ಜಿಪಿಎಸ್ ಬಳಕೆ ಸಾಮಾನ್ಯ. ಆದರೆ ಅನುಭವಿ ಮೀನುಗಾರ ಅದೊಂದನ್ನೇ ನಂಬುವುದಿಲ್ಲ. ದಡದ ಗುಡ್ಡ, ನೀರಿನ ಆಳಗಳೊಂದಿಗೆ ತಾಳೆ ನೋಡುತ್ತಾನೆ. ಚಾಲಕನಿಲ್ಲದ ಕಾರಿಗೂ ಈ ಎಚ್ಚರ ಅಗತ್ಯ. ಏಕೆ?

ಇಂತಹ ಕಾರು ಕ್ಯಾಮೆರಾ, ರೇಡಾರ್, ಲೇಸರ್ ಕಿರಣ ಬಳಸುವ ಲಿಡಾರ್ ಮತ್ತು ಜಿಪಿಎಸ್‌ಗಳಿಂದ ಮಾಹಿತಿ ಪಡೆಯುತ್ತದೆ. ಕಂಪ್ಯೂಟರು ಅದನ್ನು ವಿಶ್ಲೇಷಿಸಿ ಸ್ಟೀರಿಂಗ್, ಬ್ರೇಕುಗಳಿಗೆ ಆಜ್ಞೆ ನೀಡುತ್ತದೆ. 2023ರಲ್ಲಿ ಬೆಂಗಳೂರಿನ ಮೈನಸ್ ಝೀರೊ ಸಂಸ್ಥೆಯು ಕ್ಯಾಮೆರಾಗಳನ್ನೇ ಮುಖ್ಯವಾಗಿ ಅವಲಂಬಿಸಿದ, ಸ್ಟೀರಿಂಗ್ ಚಕ್ರವಿಲ್ಲದ ಮಾದರಿ ವಾಹನವೊಂದನ್ನು ಪ್ರದರ್ಶಿಸಿತು. ಇಂಥ ವಾಹನಗಳ ಮೇಲೆ ಎರಡು ಬಗೆಯ ದಾಳಿ ಸಾಧ್ಯ.

ಮೊದಲನೆಯದು, ಒಳಗೆ ನುಸುಳುವುದು. ಕಾರಿನ ಭಾಗಗಳು ಪರಸ್ಪರ ಸಂದೇಶ ಕಳಿಸುವುದು ‘ಕ್ಯಾನ್’ ಎಂಬ ಜಾಲದ ಮೂಲಕ. 1986ರಲ್ಲಿ ಬಾಷ್ ಕಂಪನಿ ಪರಿಚಯಿಸಿದ ಈ ಜಾಲದ ಮೂಲ ವಿನ್ಯಾಸದಲ್ಲಿ, ಸಂದೇಶ ಕಳಿಸಿದವರು ಯಾರೆಂದು ಪರೀಕ್ಷಿಸುವ ಏರ್ಪಾಡಿಲ್ಲ. 2015ರಲ್ಲಿ ಅಮೆರಿಕದ ಚಾರ್ಲಿ ಮಿಲ್ಲರ್ ಮತ್ತು ಕ್ರಿಸ್ ವ್ಯಾಲಸೆಕ್, ಹೆದ್ದಾರಿಯಲ್ಲಿ ಓಡುತ್ತಿದ್ದ ಜೀಪ್ ಚೆರೋಕಿಯನ್ನು ಮೊಬೈಲ್ ಜಾಲದ ಮೂಲಕ ಪ್ರವೇಶಿಸಿ, ವೇಗವರ್ಧಕ ಕೆಲಸ ಮಾಡದಂತೆ ಮಾಡಿ ತೋರಿಸಿದರು. ಪರಿಣಾಮವಾಗಿ ಸುಮಾರು 14 ಲಕ್ಷ ವಾಹನಗಳನ್ನು ದೋಷ ನಿವಾರಣೆಗಾಗಿ ಹಿಂದಕ್ಕೆ ಕರೆಯಲಾಯಿತು.

ಎರಡನೆಯದು, ಹೊರಗಿನಿಂದಲೇ ವಂಚಿಸುವುದು. ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿ.ಮೀ. ಎತ್ತರದಲ್ಲಿವೆ, ನಮ್ಮನ್ನು ತಲಪುವ ಸಂಕೇತ ಅತಿ ಕ್ಷೀಣ. ಸಮೀಪದಿಂದ ಬರುವ ಪ್ರಬಲವಾದ ನಕಲಿ ಸಂಕೇತ ಅದನ್ನು ಮೀರಿಸಬಲ್ಲದು. 2013ರಲ್ಲಿ ಟೆಕ್ಸಾಸ್ ವಿಶ್ವವಿದ್ಯಾಲಯದ ತಂಡವು ಮೆಡಿಟರೇನಿಯನ್ ಸಮುದ್ರದಲ್ಲಿ ವಿಹಾರನೌಕೆಯೊಂದರ ದಿಕ್ಕನ್ನು ಹೀಗೆ ಬದಲಿಸಿತು. ಎಚ್ಚರಿಕೆಯ ಗಂಟೆ ಮೊಳಗಲೇ ಇಲ್ಲ. ಕ್ಯಾಮೆರಾವೂ ಮೋಸಹೋಗುತ್ತದೆ. 2019ರಲ್ಲಿ ಚೀನಾದ ಕೀನ್ ಪ್ರಯೋಗಾಲಯದ ಸಂಶೋಧಕರು ರಸ್ತೆಯ ಮೇಲೆ ಸಣ್ಣ ಅಂಟುಚೀಟಿಗಳನ್ನಿಟ್ಟು, ಸ್ವಯಂಚಾಲಿತ ಸ್ಥಿತಿಯಲ್ಲಿದ್ದ ಟೆಸ್ಲಾ ಕಾರನ್ನು ಎದುರು ಪಥದತ್ತ ತಿರುಗಿಸಿದರು.

ಪರಿಹಾರವೇನು? ಸಂದೇಶಗಳಿಗೆ ಗೂಢಲಿಪಿಯ ಮುದ್ರೆ ಹಾಕಬೇಕು. ಮನರಂಜನೆಯ ಜಾಲವನ್ನು ಬ್ರೇಕಿನ ಜಾಲದಿಂದ ಬೇರ್ಪಡಿಸಬೇಕು. ತಂತ್ರಾಂಶವನ್ನು ಆಗಾಗ ಪರಿಷ್ಕರಿಸಬೇಕು. ವಿಶ್ವಸಂಸ್ಥೆಯ ಆಶ್ರಯದಲ್ಲಿ ರೂಪುಗೊಂಡು 2021ರಲ್ಲಿ ಜಾರಿಗೆ ಬಂದ ಆರ್-155 ನಿಯಮವು ವಾಹನ ತಯಾರಕರಿಗೆ ಸೈಬರ್ ಸುರಕ್ಷತೆಯ ಹೊಣೆ ವಹಿಸಿದೆ.

ಎಲ್ಲಕ್ಕಿಂತ ಮುಖ್ಯವಾದುದು ತಾಳೆ ನೋಡುವಿಕೆ. ಜಿಪಿಎಸ್ ಹೇಳಿದ ಸ್ಥಾನವು ಚಕ್ರಗಳ ಸುತ್ತಿನ ಎಣಿಕೆಗೂ ಕ್ಯಾಮೆರಾ ಕಂಡ ದೃಶ್ಯಕ್ಕೂ ಹೊಂದದಿದ್ದರೆ, ಕಾರು ವೇಗ ತಗ್ಗಿಸಿ ಸುರಕ್ಷಿತವಾಗಿ ನಿಲ್ಲಬೇಕು. ಮನೆಯ ಕಂಪ್ಯೂಟರು ಕೆಟ್ಟರೆ ಕಡತ ಹೋದೀತು. ಕಾರಿನದು ಕೆಟ್ಟರೆ ಜೀವ ಹೋದೀತು. ಗುಡ್ಡವನ್ನು ನೋಡಿ ಜಿಪಿಎಸ್ ಪರೀಕ್ಷಿಸುವ ಮೀನುಗಾರನ ವಿವೇಕವನ್ನು ಯಂತ್ರಕ್ಕೆ ಕಲಿಸುವುದೇ ಎಂಜಿನಿಯರರ ಮುಂದಿರುವ ಸವಾಲು.