ನಿಮಗಿದು ಗೊತ್ತೇ? ಒಬ್ಬರ ಕೈಯಲ್ಲಿ ನೂರು ರೋಬೊ!

ದುಬಾರೆ ಶಿಬಿರದ ಒಂದು ಆನೆಗೆ ಮಾವುತ, ಕಾವಾಡಿ ಇಬ್ಬರು ಬೇಕು. ಅಮೆರಿಕದ ‘ಪ್ರಿಡೇಟರ್’ ಡ್ರೋನಿಗೂ ಹಾಗೆಯೇ ಇಬ್ಬರು ಬೇಕಿತ್ತು: ಹಾರಿಸಲು ಒಬ್ಬರು, ಕ್ಯಾಮೆರಾ ನೋಡಿಕೊಳ್ಳಲು ಇನ್ನೊಬ್ಬರು.

ಆದರೆ 2016ರಲ್ಲಿ ಜರ್ಮನಿಯಲ್ಲಿ ಇಂಟೆಲ್ ಕಂಪನಿ 500 ಡ್ರೋನ್‌ ಹಾರಿಸಿದಾಗ ಪೈಲಟ್ ಒಬ್ಬರೇ!

2025ರ ಮೈಸೂರು ದಸರಾದಲ್ಲಿ ಸುಮಾರು 3000 ಡ್ರೋನ್‌ಗಳು ಬನ್ನಿಮಂಟಪದ ಆಕಾಶದಲ್ಲಿ ಹುಲಿಯನ್ನು ಬಿಡಿಸಿದವು. ಏರ್ಪಡಿಸಿದ್ದು ಕೊಡಗಿಗೂ ಕರೆಂಟು ಕೊಡುವ ಸೆಸ್ಕ್. ಇಂಥ ಪ್ರದರ್ಶನದಲ್ಲಿ ಪ್ರತಿ ಡ್ರೋನಿನ ದಾರಿಯನ್ನೂ ಮೊದಲೇ ಲೆಕ್ಕ ಹಾಕಿ ತುಂಬಿರುತ್ತಾರೆ. ಜಿಪಿಎಸ್ ಹಿಡಿದು ಅದು ತನ್ನ ಪಾಡಿಗೆ ಹಾರುತ್ತದೆ.

ದಾರಿ ಮೊದಲೇ ಗೊತ್ತಿಲ್ಲದಿದ್ದರೆ? ಆಗ ಒಬ್ಬರು ಎಷ್ಟು ರೋಬೊ ನಡೆಸಬಲ್ಲರು ಎಂಬುದು ಬೆರಳಿನ ಚುರುಕಿಗೆ ಬಿಟ್ಟ ಮಾತಲ್ಲ. ರೋಬೊ ನಮ್ಮನ್ನು ಕೇಳದೆ ಎಷ್ಟು ಹೊತ್ತು ದುಡಿಯುತ್ತದೆ, ಕೇಳಿದಾಗ ನಾವು ಎಷ್ಟು ಹೊತ್ತು ಕೊಡಬೇಕು? ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ, ಒಂದು ಕೂಡಿಸಿ. 9 ನಿಮಿಷ ಬಿಟ್ಟಿರಬಹುದು, 1 ನಿಮಿಷ ಗಮನ ಬೇಕು ಎಂದಾದರೆ ಒಬ್ಬರಿಗೆ 10 ರೋಬೊ. ಅಮೆರಿಕದ ಸಂಶೋಧಕರಾದ ಡಾನ್ ಓಲ್ಸನ್, ಮೈಕೆಲ್ ಗುಡ್‌ರಿಚ್ ಕೊಟ್ಟ ಈ ಲೆಕ್ಕ ಎಷ್ಟು ಸರಳ, ಎಷ್ಟು ಸೊಗಸು!

ಅಮೆರಿಕದ ಒಂದು ಸೇನಾ ಪ್ರಯೋಗದಲ್ಲಿ ಒಬ್ಬರೇ 100ಕ್ಕೂ ಹೆಚ್ಚು ರೋಬೊಗಳನ್ನು ನೋಡಿಕೊಂಡರು. ಅವರ ಮೇಲಿನ ಒತ್ತಡ ಮಿತಿಮೀರಿದ್ದು ಶೇ 3ರಷ್ಟು ಸಮಯ ಮಾತ್ರ.

2021ರ ಜನವರಿ 15ರ ಸೇನಾ ದಿನದಂದು ದೆಹಲಿಯಲ್ಲಿ ನಮ್ಮ ಸೇನೆಯೂ 75 ಡ್ರೋನ್‌ಗಳ ಹಿಂಡನ್ನು ತೋರಿಸಿತು.

ಮುಂಗಾರಿಗೆ ಮೊದಲು ಕೊಡಗಿನ ಮರಗಳಲ್ಲಿ ಮಿನುಗುವ ಮಿಂಚುಹುಳು ರೋಬೊಗಳಿಗೂ ಗುರು! 2005ರಲ್ಲಿ ಬೆಂಗಳೂರಿನ ಐಐಎಸ್‌ಸಿಯ ಕೃಷ್ಣಾನಂದ್ ಮತ್ತು ದೇಬಾಶಿಶ್ ಘೋಷ್ ಮಿಂಚುಹುಳುವಿನಿಂದ ಪ್ರೇರಣೆ ಪಡೆದು ಒಂದು ವಿಧಾನ ರೂಪಿಸಿದರು. ಪ್ರತಿ ರೋಬೊ ತನಗಿಂತ ಹೆಚ್ಚು ‘ಬೆಳಗುವ’ ನೆರೆಯದರತ್ತ ಸರಿಯುತ್ತದೆ. ಗುಂಪು ತಾನಾಗಿ ಕವಲೊಡೆದು, ಹಲವು ಕಡೆಯ ಬೆಂಕಿಯನ್ನೋ ಅನಿಲ ಸೋರಿಕೆಯನ್ನೋ ಒಟ್ಟಿಗೆ ಹುಡುಕಬಲ್ಲದು. ಯಾರೂ ಒಂದೊಂದಕ್ಕೂ ಅಪ್ಪಣೆ ಕೊಡಬೇಕಿಲ್ಲ.

ದಸರೆಯ ಡ್ರೋನ್ ಕೊಡಗಿನ ತೋಟದೊಳಗೆ ನಡೆಯದು. ಸಿಲ್ವರ್ ಓಕ್, ಬೀಟೆ ಮರಗಳ ನೆರಳಲ್ಲಿ ಕಾಫಿ, ಮರಕ್ಕೆ ಹಬ್ಬಿದ ಕರಿಮೆಣಸು. ಎಲೆಗಳ ಮರೆಯಲ್ಲಿ ಜಿಪಿಎಸ್ ತಪ್ಪುತ್ತದೆ. ಇಲ್ಲಿಗೆ ಬೇಕಾದದ್ದು ಕಣ್ಣಿಟ್ಟು ನಡೆಯುವ, ಒಂದಕ್ಕೊಂದು ಸುದ್ದಿ ಮುಟ್ಟಿಸುವ ಯಂತ್ರ. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಾದಂಥ ಭೂಕುಸಿತದಲ್ಲಿ ಸಿಕ್ಕಿಕೊಂಡವರನ್ನು ಹುಡುಕಲೂ ಇಂಥದೇ ಹಿಂಡು ಬೇಕು. ಪೊನ್ನಂಪೇಟೆ, ಕುಶಾಲನಗರದ ಎಂಜಿನಿಯರಿಂಗ್ ವಿದ್ಯಾರ್ಥಿಗಳೇ, ನಿಮ್ಮ ಮುಂದಿನ ಪ್ರಾಜೆಕ್ಟ್ ಇದೇ ಆಗಲಿ.